ಹೊಟ್ಟು ತುಂಬುವವನು

ವೆಬ್‌ಸೈಟ್ ಕಟ್ಟಿಸಿಕೊಳ್ಳುವ ಗಿರಾಕಿ ತನ್ನ ಅಂಗಡಿಯ ಬಗ್ಗೆ ನಾಲ್ಕು ಸಾಲು ಬರೆದು ಕಳಿಸುತ್ತೇನೆ ಎನ್ನುತ್ತಾನೆ. ಕಳಿಸುವುದಿಲ್ಲ. ನಾಳೆ ಎನ್ನುತ್ತಾನೆ, ಅಳಿಯನ ಹತ್ತಿರ ಬರೆಸುತ್ತಿದ್ದೇನೆ ಎನ್ನುತ್ತಾನೆ, ಆಮೇಲೆ ಫೋನನ್ನೇ ಎತ್ತುವುದಿಲ್ಲ. ಇತ್ತ ಪುಟ ಮಾತ್ರ ಬಣ್ಣ ಬಳಿದ ಖಾಲಿ ಮನೆಯ ಹಾಗೆ ಸಿದ್ಧವಾಗಿ ನಿಂತಿರುತ್ತದೆ. ಅಕ್ಷರವೇ ಇಲ್ಲದ ಪುಟ ತೋರಿಸಿದರೆ ಅದೇ ಗಿರಾಕಿ ಮೂಗು ಮುರಿಯುತ್ತಾನೆ. ಅದಕ್ಕೇ ಮಾತು ಬರಬೇಕಾದ ಜಾಗದಲ್ಲೆಲ್ಲ ತಲೆಬುಡವಿಲ್ಲದ ಒಂದಿಷ್ಟು ಸಾಲು ಸುರಿದು ತುಂಬಿರುತ್ತಾರೆ. ಅದು ಓದುವುದಕ್ಕಲ್ಲ, ಕಣ್ಣಿಗೆ ಪುಟ ತುಂಬಿದ ಹಾಗೆ ಕಾಣುವುದಕ್ಕೆ. ಈ ಕಚೇರಿಯಲ್ಲಿ ಅದನ್ನು ಹೊಟ್ಟು ಎನ್ನುತ್ತಿದ್ದರು.

ಹೊಟ್ಟು ತುಂಬುವುದರಲ್ಲಿ ಎತ್ತಿದ ಕೈ ಎಂದು ಹೆಸರಾದವನೊಬ್ಬ ಅಲ್ಲಿದ್ದ. ಹೆಸರಾದ ಎಂದರೆ ಹೊಗಳಿಕೆ ಎಂದುಕೊಳ್ಳಬೇಡಿ. ಹೊಟ್ಟುರಾಯ ಎಂದು ಅವನಿಗೆ ಅಡ್ಡಹೆಸರು ಇಟ್ಟಿದ್ದರು. ಇಟ್ಟವನು ಕಚೇರಿಯ ಯಜಮಾನನೇ. ಇಬ್ಬರೂ ಹಿಂದೆ ಬೇರೊಂದು ಕಡೆ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು ಕೆಲಸ ಕಲಿತವರು. ಒಬ್ಬ ಹೊರಗೆ ಬಂದು ಸ್ವಂತ ಕಚೇರಿ ತೆರೆದ, ಇನ್ನೊಬ್ಬ ಅವನ ಹಿಂದೆಯೇ ಬಂದು ಅವನ ಕಚೇರಿಯಲ್ಲಿ ಕುರ್ಚಿ ಹಾಕಿಕೊಂಡ. ಅಂದಿನಿಂದ ಇವನಿಗೆ ಅವನು ಸರ್, ಅವನಿಗೆ ಇವನು ಹೊಟ್ಟುರಾಯ. ಸ್ನೇಹಿತರ ನಡುವೆ ಇಷ್ಟು ಅಂತರ ಬೀಳುವುದಕ್ಕೆ ಹೆಚ್ಚೇನೂ ಬೇಕಾಗುವುದಿಲ್ಲ, ಒಬ್ಬನಿಗೆ ಬಾಗಿಲಿರುವ ಕೋಣೆ ಸಿಕ್ಕರೆ ಸಾಕು.

ಬೇರೆಯವರೆಲ್ಲ ಎಲ್ಲಿಂದಲೋ ಎತ್ತಿಕೊಂಡ ಅರ್ಥವಿಲ್ಲದ ಸಾಲುಗಳನ್ನೇ ಹೊಟ್ಟಾಗಿ ಹಾಕುತ್ತಿದ್ದರು. ಹೊಟ್ಟುರಾಯನಿಗೆ ಅದು ಒಗ್ಗುತ್ತಿರಲಿಲ್ಲ. ಅವನು ತನ್ನ ಹೊಟ್ಟನ್ನು ತಾನೇ ಬರೆಯುತ್ತಿದ್ದ. ಕೆಲಸದ ಬಗ್ಗೆ, ಕಲಿಯುವುದರ ಬಗ್ಗೆ, ದಾರಿಯಲ್ಲಿ ಕಂಡದ್ದರ ಬಗ್ಗೆ, ಮನಸ್ಸಿಗೆ ಬಂದದ್ದನ್ನು ನೇರ ಪುಟದ ಮೇಲೆಯೇ ಬರೆದು ಹಾಕುತ್ತಿದ್ದ. ಹಲ್ಲಿನ ವೈದ್ಯರೊಬ್ಬರ ಪುಟದಲ್ಲಿ ಹೀಗೆ ಬರೆದಿದ್ದ: 'ನಮ್ಮ ಕಸುಬಿನಲ್ಲಿ ಹೊಸದನ್ನು ಕಲಿಯುವುದೆಂದರೆ ಹೋದ ವರ್ಷ ಕಷ್ಟಪಟ್ಟು ಕಲಿತದ್ದನ್ನು ನಾಚಿಕೆಯಿಂದ ಬಚ್ಚಿಡುವುದು. ಬಡಗಿಯ ಮಗ ಅಪ್ಪನ ಉಳಿಯನ್ನು ಹಿಡಿಯಬಹುದು. ನನ್ನ ಉಳಿಯನ್ನು ನಾನೇ ಎರಡು ವರ್ಷ ಹಿಡಿಯಲಾರೆ.' ನೀರಿನ ಪಂಪು ಮಾರುವವರ ಪುಟದಲ್ಲಿ: 'ಬೋರ್ಡು ಬರೆಯುವವನು ಜಾಗದ ಲೆಕ್ಕ ತಪ್ಪಿ ಕೊನೆಯ ಅಕ್ಷರಗಳನ್ನು ಒಂದರ ಮೇಲೊಂದು ಇರುಕಿ ಕೂರಿಸಿರುವ ಅಂಗಡಿಗಳೆಂದರೆ ನನಗೆ ಪ್ರೀತಿ. ಅಲ್ಲಿ ಒಬ್ಬ ಮನುಷ್ಯ ಏಣಿ ಹತ್ತಿ ನಿಂತು ಪೇಚಾಡಿದ್ದು ಕಾಣುತ್ತದೆ.'

ಬೋರ್ಡು ನೋಡುವುದು ಅವನ ಹುಚ್ಚು. ರಜಾದಿನ ಬಂದರೆ ಸಾಕು, ಹಳೆಯ ಬೀದಿಗಳಲ್ಲಿ ತಲೆಯೆತ್ತಿ ನಡೆಯುತ್ತ, ಕೈಯಿಂದ ಬರೆದ ಬೋರ್ಡು ಕಂಡಲ್ಲಿ ನಿಂತುಬಿಡುತ್ತಿದ್ದ. ಎದುರಿಂದ ಬರುವವರಿಗೆ ಡಿಕ್ಕಿ ಹೊಡೆದು ಬೈಸಿಕೊಳ್ಳುವುದೂ ಆಗುತ್ತಿತ್ತು. ಒಮ್ಮೆ ಆಸೆಪಟ್ಟು ತನ್ನ ಹೊಟ್ಟನ್ನು ಹೆಂಡತಿಗೆ ಓದಿ ಹೇಳಿದ. ಅವಳು ಮೂರನೆಯ ಸಾಲಿಗೇ ನಿದ್ದೆ ಹೋದಳು. ಅವಳನ್ನು ದೂರುವಂತಿಲ್ಲ, ಆಸ್ಪತ್ರೆಯಲ್ಲಿ ಇಡೀ ದಿನ ನಿಂತು ಬಂದವಳು. ಅಂದಿನಿಂದ ಅವನು ಯಾರಿಗೂ ಓದಲಿಲ್ಲ. ಗಿರಾಕಿಯ ಮಾತು ಬಂದ ದಿನ ಅವನ ಮಾತು ಅಳಿಸಿಹೋಗುತ್ತಿತ್ತು, ಅಳಿಸುವವನೂ ಅವನೇ. 'ಗುಣಮಟ್ಟವೇ ನಮ್ಮ ಉಸಿರು' ಎಂದು ಪಂಪಿನವರು ಬರೆದು ಕಳಿಸಿದರು, ಏಣಿ ಹತ್ತಿದ್ದ ಮನುಷ್ಯ ಇಳಿದುಹೋದ. ಇಷ್ಟು ವರ್ಷಗಳಲ್ಲಿ ಒಬ್ಬನೇ ಒಬ್ಬ ಗಿರಾಕಿಯಾದರೂ 'ಇದೇನಿದು, ಚೆನ್ನಾಗಿದೆಯಲ್ಲ' ಎಂದು ಕೇಳಿದ್ದಿದ್ದರೆ! ಒಳಗೊಳಗೇ ಅವನು ಅದಕ್ಕೆ ಕಾಯುತ್ತಿದ್ದ. ಹೊರಗೆ ಮಾತ್ರ, ಅಯ್ಯೋ ಅದು ಹೊಟ್ಟು ಬಿಡಿ, ಎನ್ನುತ್ತಿದ್ದ.

ಈಗ ಅವನ ಅಕ್ಕನ ವಿಷಯ ಹೇಳಬೇಕು, ಏಕೆಂದರೆ ಎಲ್ಲ ಕೆಟ್ಟದ್ದು ಅಲ್ಲಿಂದಲೇ. ಕೆಟ್ಟವಳು ಅಕ್ಕನಲ್ಲ, ಅವಳಂಥವಳು ಸಿಕ್ಕಬೇಕಾದರೆ ಪುಣ್ಯ ಮಾಡಿರಬೇಕು. ತಾಯಿ ಹಾಸಿಗೆ ಹಿಡಿದಾಗ ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡವಳು ಅವನು ಓದು ಮುಗಿಸುವವರೆಗೆ ಇಳಿಸಲಿಲ್ಲ ಎಂದು ನೆಂಟರು ಹೇಳುವುದುಂಟು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಬೀದಿಯ ಹೆಂಗಸರಿಗೆಲ್ಲ ಬಟ್ಟೆ ಹೊಲಿದು ಕೊಟ್ಟು ಮನೆ ನಡೆಸಿದಳು. ಅವಳಿಗೊಬ್ಬಳು ಮಗಳು. ಮಾಮ, ಮಾಮ ಎಂದು ಇವನ ಬೆನ್ನ ಮೇಲೇ ಬೆಳೆದವಳು. ಈಗ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ.

ಅಕ್ಕ ತೀರಿಕೊಂಡಳು. ನೆಂಟರೆಲ್ಲ ಸೇರಿದ್ದ ದಿನ ಯಾರೋ ಹಿರಿಯರು ಇವನನ್ನು ಕರೆದು, ನಿನ್ನನ್ನು ಸಾಕಿದವಳಪ್ಪ, ಎರಡು ಮಾತು ಹೇಳು ಎಂದರು. ಇವನು ಎದ್ದು ನಿಂತ. 'ಒಳ್ಳೆಯವಳು' ಎಂದ. ಮುಂದೆ ಬಾಯಿ ಬರಲಿಲ್ಲ, ಕೂತುಬಿಟ್ಟ. ತಿಂಗಳಾದ ಮೇಲೆ ಅಕ್ಕನ ಮಗಳು ಕಡ್ಡಿ ಮುರಿದಂತೆ ಹೇಳಿದಳು. ಪಕ್ಕದ ಮನೆಯವರೂ ಅಮ್ಮನನ್ನು ಒಳ್ಳೆಯವಳು ಅಂದರು, ಹಾಲು ಹಾಕುವವನೂ ಒಳ್ಳೆಯವಳು ಅಂದ, ನಿನ್ನ ಹತ್ತಿರವೂ ಅಷ್ಟೇ ಇತ್ತಾ ಮಾಮ, ಎಂದು ಕೇಳಿದಳು. ಆಮೇಲೆ ಅವಳು ಬರುವುದು ಕಡಿಮೆಯಾಯಿತು, ಬಂದರೂ ಅತ್ತೆಯ ಜೊತೆ ಅಡುಗೆಮನೆಯಲ್ಲಿ ಕೂತು ಎದ್ದುಹೋಗುತ್ತಿದ್ದಳು. ತನ್ನೊಳಗೆ ಅಕ್ಕ ಎಷ್ಟಿದ್ದಾಳೆ ಎಂದು ಆ ಹುಡುಗಿಗೆ ಹೇಗಾದರೂ ತಿಳಿಸಬೇಕು ಎನ್ನುವುದು ಹೊಟ್ಟುರಾಯನಿಗೆ ಒಂದು ಹಟವೇ ಆಗಿಹೋಯಿತು. ಎದುರು ಕೂತರೆ ಮಾತ್ರ ಆರೋಗ್ಯ ಹೇಗಿದೆ, ಬಸ್ಸು ಸಿಕ್ಕಿತಾ ಎನ್ನುವುದರ ಆಚೆಗೆ ನಾಲಿಗೆ ಹೊರಳುತ್ತಿರಲಿಲ್ಲ.

ಹೀಗಿರುವಾಗ ಕಚೇರಿಗೆ ಬರೆಯುವ ಯಂತ್ರ ಬಂತು. ಯಂತ್ರವೆಂದರೆ ಕಬ್ಬಿಣದ್ದಲ್ಲ, ಈಗೆಲ್ಲ ಬಂದಿದೆಯಲ್ಲ, ಕೇಳಿದ್ದನ್ನು ಕಣ್ಣು ಮಿಟುಕಿಸುವುದರೊಳಗೆ ಬರೆದು ಕೊಡುವುದು, ಅದು. ಯಜಮಾನನಿಗೆ ಹೊಸ ಅಳಿಯ ಮನೆಗೆ ಬಂದಷ್ಟು ಸಂಭ್ರಮ. ಎಲ್ಲರನ್ನೂ ಕೋಣೆಗೆ ಕರೆದು, ಇನ್ನು ಮೇಲೆ ಯಾರೂ ಗಿರಾಕಿಯ ಮಾತಿಗೆ ಕಾಯಬೇಕಾಗಿಲ್ಲ, ಹೊಟ್ಟಿನ ಜಾಗಕ್ಕೂ ಯಂತ್ರದ ಮಾತನ್ನೇ ಹಾಕಿ, ಗಿರಾಕಿ ಒಪ್ಪಿದರೆ ಅದೇ ಇರಲಿ ಎಂದ. ಹೊಟ್ಟುರಾಯನ ಕಡೆ ತಿರುಗಿ, 'ನಿನ್ನ ಕೆಲಸ ಹಗುರ ಆಯ್ತಲ್ಲಯ್ಯಾ' ಎಂದು ನಕ್ಕ. ಎಲ್ಲರೂ ನಕ್ಕರು. ಹೊಟ್ಟುರಾಯನೂ ನಕ್ಕ, ಸಂಬಳಕ್ಕಿರುವವನು ಇನ್ನೇನು ಮಾಡುತ್ತಾನೆ.

ಆ ವಾರ ಅವನ ಕೈಯಲ್ಲಿದ್ದದ್ದು ಒಂದು ಬಟ್ಟೆ ಅಂಗಡಿಯ ಪುಟ. ದೊಡ್ಡ ಅಂಗಡಿ, ಮೂರು ಮಹಡಿ, ಹೊಲಿಸಿ ಕೊಡುವ ವಿಭಾಗವೂ ಇತ್ತು. 'ನಮ್ಮ ಬಗ್ಗೆ' ಎನ್ನುವ ಪುಟ ಖಾಲಿಯಾಗಿತ್ತು. ಯಂತ್ರವನ್ನು ಕೇಳಿ ತುಂಬಿಸಬೇಕಾಗಿತ್ತು. ಹೊಟ್ಟುರಾಯನಿಗೆ ಮೊಂಡುತನ ಬಂತು. ಹೇಗೂ ಅಳಿಸಿಹೋಗುವ ಮಾತು, ಕೊನೆಯ ಸಲ ನನ್ನದೇ ಇರಲಿ ಎಂದುಕೊಂಡ. ಹೊಲಿಗೆ ಎನ್ನುವ ಪದ ಕಣ್ಣಿಗೆ ಬಿದ್ದದ್ದೇ ತಡ, ಕೈ ತಾನಾಗಿ ಓಡಿತು:

'ನಮ್ಮ ಮನೆಯಲ್ಲಿ ಬಟ್ಟೆ ಹೊಲಿಯುವವಳ ತುಟಿಗಳ ನಡುವೆ ಸದಾ ಗುಂಡುಸೂಜಿ. ಬಾಯಿ ತೆರೆದರೆ ಬೀಳುತ್ತವೆ, ಅದಕ್ಕೇ ಅವಳು ಹ್ಮ್ ಎನ್ನುತ್ತಿದ್ದಳು. ಗಿಡ್ಡ ಹ್ಮ್ ಎಂದರೆ ಊಟ ಮಾಡು. ಉದ್ದದ ಹ್ಮ್ ಎಂದರೆ ಬೆಳಕಿಗೆ ಅಡ್ಡ ನಿಲ್ಲಬೇಡ. ಮೂಗಿನಲ್ಲಿ ಏರಿ ಇಳಿಯುವ ಹ್ಮ್ ಎಂದರೆ ಸುಳ್ಳು ಹೇಳುತ್ತಿದ್ದೀಯ, ನನಗೆ ಗೊತ್ತು. ಸಂಜೆ ಕೊನೆಯ ಸೂಜಿಯನ್ನು ಡಬ್ಬಿಗೆ ಹಾಕಿ ಅವಳು ಮಾತಾಡಲು ತೊಡಗಿದರೆ ಮನೆಗೆ ಯಾರೋ ಹೊಸಬರು ಬಂದಂತೆ ನಾವು ತಿರುಗಿ ನೋಡುತ್ತಿದ್ದೆವು. ಅವಳು ಹೊಲಿದ ಬಟ್ಟೆಯನ್ನು ಇಡೀ ಬೀದಿ ತೊಟ್ಟಿತು. ಅವಳು ಮಾತ್ರ ಯಾರೋ ಅಳತೆ ಸರಿಬರಲಿಲ್ಲವೆಂದು ಬಿಟ್ಟುಹೋದದ್ದನ್ನು ಬಿಚ್ಚಿ ಹೊಲಿದು ತೊಡುತ್ತಿದ್ದಳು.'

ಬರೆದು ಮುಗಿಸಿದಾಗ ಕನ್ನಡಕ ಮಸುಕಾಗಿತ್ತು. ಒರೆಸಿಕೊಂಡು ಬೇರೆ ಕೆಲಸಕ್ಕೆ ಕೈಹಾಕಿದ.

ಮುಂದೆ ಆದದ್ದು ಈ ಕಸುಬಿನವರಿಗೆ ಮಾತ್ರ ಆಗುವಂಥ ಎಡವಟ್ಟು. ಅಂಗಡಿಯವರು ಹೊಸ ಮಹಡಿ ತೆರೆಯುವ ಅವಸರದಲ್ಲಿದ್ದರು, ಪುಟ ಈಗಲೇ ಬೇಕು ಎಂದು ಒಂದೇ ಸಮನೆ ಫೋನ್ ಮಾಡಿದರು. ಯಜಮಾನ ಹಿಂದುಮುಂದು ನೋಡದೆ, ಬಿಡ್ರಯ್ಯಾ ಹೊರಗೆ ಎಂದ. ಬಿಟ್ಟರು. ಇಡೀ ವೆಬ್‌ಸೈಟ್ ಊರಿನ ಕಣ್ಣಿಗೆ ಬಿತ್ತು, 'ನಮ್ಮ ಬಗ್ಗೆ' ಎನ್ನುವಲ್ಲಿ ಅಕ್ಕನೇ ಕೂತಿದ್ದಳು. ಮಾರನೆಯ ದಿನ ಹೊಟ್ಟುರಾಯ ಅದನ್ನು ಕಂಡ. ಹೊಟ್ಟು ಹೊರಗೆ ಹೋಗುವುದೆಂದರೆ ಈ ಕೆಲಸದಲ್ಲಿ ಮರ್ಯಾದೆ ಹೋದಂತೆ. ಅಳಿಸಲು ಹೋದ ಬೆರಳು ಅಲ್ಲೇ ನಿಂತಿತು. ಒಳ್ಳೆಯ ದಪ್ಪ ಅಕ್ಷರ, ಸುತ್ತ ಬೇಕಾದಷ್ಟು ಬಿಳಿ ಜಾಗ, ಪಕ್ಕದಲ್ಲಿ ನೂಲಿನ ಉಂಡೆಗಳ ಚಿತ್ರ. ಅಕ್ಕನಿಗೆ ಬದುಕಿದ್ದಾಗ ಇಷ್ಟು ವಿಶಾಲವಾದ ಜಾಗ ಯಾರೂ ಕೊಟ್ಟಿರಲಿಲ್ಲ. ಅವನು ಅಳಿಸಲಿಲ್ಲ. ಅದರ ಬದಲು ಆ ಪುಟದ ಲಿಂಕನ್ನು ಅಕ್ಕನ ಮಗಳಿಗೆ ಕಳಿಸಿದ. ಜೊತೆಗೆ ಏನೂ ಬರೆಯಲಿಲ್ಲ. ಓದಿದರೆ ಗೊತ್ತಾಗುತ್ತದೆ, ಆ ಹ್ಮ್ ಇನ್ಯಾರ ಕಿವಿಗೆ ಗೊತ್ತಿದೆ, ಎಂದುಕೊಂಡ. ಆ ದಿನವೆಲ್ಲ ಅವನ ಕಾಲು ನೆಲದ ಮೇಲಿರಲಿಲ್ಲ ಎಂದು ಪಕ್ಕದ ಮೇಜಿನಲ್ಲಿ ಚಿತ್ರ ಮಾಡುವಾಕೆ ಆಮೇಲೆ ಹೇಳಿದ್ದುಂಟು.

ಅವಳಿಂದ ಉತ್ತರ ಬರಲಿಲ್ಲ. ಬಂದವನು ಬಟ್ಟೆ ಅಂಗಡಿಯ ಒಡೆಯ. ಕೈಯಲ್ಲಿ ಸಿಹಿಯ ಪೊಟ್ಟಣ ಹಿಡಿದು ಖುದ್ದು ಕಚೇರಿಗೇ ಬಂದು, ಏನು ಬರೆಸಿದ್ದೀರಿ ಸ್ವಾಮಿ, ಅಂಗಡಿಗೆ ಬರುವ ಹೆಂಗಸರೆಲ್ಲ ಆ ಸೂಜಿಯ ವಿಷಯ ಹೇಳಿ ನಗುತ್ತಾರೆ, ಒಬ್ಬಾಕೆಯಂತೂ ಕಣ್ಣೊರೆಸಿಕೊಂಡಳು ಎಂದು ಯಜಮಾನನ ಕೈ ಹಿಡಿದು ಕುಲುಕಿದ. ಇಷ್ಟು ವರ್ಷ ಕಾದಿದ್ದ ಮಾತು ಕೊನೆಗೂ ಬಂತು, ಬೇರೆಯವನ ಕಿವಿಗೆ. ಯಜಮಾನ ಒಂದು ಗಳಿಗೆಯೂ ತಡವರಿಸಲಿಲ್ಲ. ಅವನು ಬೇಕೆಂದೇ ಸುಳ್ಳು ಹೇಳಿದ ಎನ್ನಲಾರೆ. ತಾನು ಹೇಳಿದಂತೆಯೇ ನಡೆದಿದೆ ಎಂದು ನಂಬುವುದು ಯಜಮಾನರಾದವರ ಜಾಯಮಾನ. ಅದು ನಮ್ಮ ಹೊಸ ಯಂತ್ರ ಸರ್, ಒಂದು ಮಾತು ಹೇಳಿದರೆ ಸಾಕು, ಮನುಷ್ಯರಿಗಿಂತ ಚೆನ್ನಾಗಿ ಬರೆಯುತ್ತದೆ ಎಂದ. ಅಂಗಡಿಯವನು ಬಾಯಿ ಬಿಟ್ಟುಕೊಂಡು ಕೇಳಿದ.

ಹೊಟ್ಟುರಾಯ ಆಗಲೇ ಹೇಳಬೇಕಿತ್ತು. ಹೇಳಿದರೆ ಎರಡು ತಪ್ಪು ಒಪ್ಪಿಕೊಂಡಂತೆ: ಯಂತ್ರದ ಮಾತು ಹಾಕು ಎಂದರೆ ಹಾಕಲಿಲ್ಲ, ಸ್ವಂತ ಮನೆಯ ವಿಷಯವನ್ನು ಗಿರಾಕಿಯ ಪುಟದಲ್ಲಿ ಹೊರಗೆ ಬಿಟ್ಟ. ಸಿಹಿ ತೆಗೆದುಕೊಂಡು ತನ್ನ ಮೇಜಿಗೆ ಹೋದ. ಸುಮ್ಮನಿದ್ದದ್ದರ ಫಲ ಎರಡೇ ದಿನಕ್ಕೆ ಕಂಡಿತು. ಯಜಮಾನ ಕಚೇರಿಯ ಸ್ವಂತ ಪುಟದ ನೆತ್ತಿಯ ಮೇಲೆ ಅಕ್ಕನ ಆ ಸಾಲುಗಳನ್ನೇ ಹಾಕಿ, ಕೆಳಗೆ 'ಇದನ್ನು ಮನುಷ್ಯರು ಬರೆದಿಲ್ಲ ಎಂದರೆ ನಂಬುತ್ತೀರಾ?' ಎಂದು ಬರೆಸಿದ. ಅದನ್ನು ಅಲ್ಲಿ ಕೂರಿಸುವ ಕೆಲಸವೂ ಹೊಟ್ಟುರಾಯನ ಪಾಲಿಗೇ ಬಂತು. ಅವನು ಹಲ್ಲು ಕಚ್ಚಿಕೊಂಡು ಅಕ್ಷರದ ಗಾತ್ರ ಸರಿಮಾಡಿದ, ಅಂಚು ಸರಿಮಾಡಿದ, ಫೋನಿನಲ್ಲಿ ನೋಡಿದರೂ ಚೆನ್ನಾಗಿ ಕಾಣುವಂತೆ ಮಾಡಿಕೊಟ್ಟ. ಕೆಲಸವನ್ನು ಕೆಡಿಸಿ ಸೇಡು ತೀರಿಸಿಕೊಳ್ಳುವುದು ಅವನಿಗೆ ಬಂದಿದ್ದರೆ ಎಂದೋ ಉದ್ಧಾರವಾಗುತ್ತಿದ್ದ.

ಅಕ್ಕನ ಮಗಳ ಫೋನ್ ಬಂದದ್ದು ಅದರ ಮರುದಿನ, ಅವನು ಊಟದ ಡಬ್ಬಿ ಬಿಚ್ಚುವಾಗ. ಲಿಂಕ್ ಬಂದ ದಿನವೇ ಓದಿದ್ದೆ, ಓದಿ ಓದಿ ಅತ್ತುಬಿಟ್ಟೆ, ನಿನಗೆ ಏನು ಹೇಳಬೇಕೋ ತಿಳಿಯದೆ ಸುಮ್ಮನಿದ್ದೆ ಎಂದಳು. ಹೊಟ್ಟುರಾಯ ಎದ್ದು ನಿಂತ, ಡಬ್ಬಿ ಮುಚ್ಚಿದ. ಅವಳು ಮುಂದುವರಿಸಿದಳು. ಇವತ್ತು ಜೊತೆಯಲ್ಲಿ ಕೆಲಸ ಮಾಡುವವಳು ತನ್ನ ಫೋನಿನಲ್ಲಿ ನಿಮ್ಮ ಕಚೇರಿಯ ಪುಟ ತೋರಿಸಿ, ನೋಡೇ ಯಂತ್ರ ಎಷ್ಟು ಚೆನ್ನಾಗಿ ಬರೆಯುತ್ತೆ ಎಂದಳು, ಅದರಲ್ಲಿ ನಮ್ಮ ಅಮ್ಮ ಇದ್ದಳು, ಎಂದಳು. ಅವಳ ದನಿ ತಣ್ಣಗಿತ್ತು.

'ಅಮ್ಮನ ಹ್ಮ್ ವಿಷಯ ಅದಕ್ಕೆ ನೀನೇ ಹೇಳಿದ್ದು ತಾನೇ ಮಾಮ? ಅಷ್ಟೆಲ್ಲ ಅದರ ಹತ್ರ ಹೇಳ್ಕೋಬಹುದು. ನಮ್ಮ ಹತ್ರ ಹೇಳೋಕೆ ಮಾತು ಬರಲ್ಲ, ಅಲ್ವಾ?'

ಅಂಗಡಿಗೆ ಯಾರೋ ಬಂದರು ಎಂದು ಅವಳು ಇಟ್ಟುಬಿಟ್ಟಳು. ಹೊಟ್ಟುರಾಯ ಡಬ್ಬಿಯನ್ನು ಚೀಲಕ್ಕೆ ಹಾಕಿದ. ಫೋನಿನಲ್ಲಿ ಹೇಳಿದರೆ ಆಗದು, ಮೊದಲು ಆ ಸುಳ್ಳು ಬೋರ್ಡು ಇಳಿಯಬೇಕು, ಯಂತ್ರವಲ್ಲ ಇವನೇ ಬರೆದದ್ದು ಎಂದು ಎಲ್ಲರೂ ಒಪ್ಪಬೇಕು, ಆಗ ಅವಳ ಮುಂದೆ ತಲೆಯೆತ್ತಿ ನಿಲ್ಲಬಹುದು ಎಂದು ಲೆಕ್ಕ ಹಾಕಿದ. ಕೆಲಸ ಹೋದರೆ ಹೋಗಲಿ ಎನ್ನುವಷ್ಟು ಧೈರ್ಯ ಅವನಿಗೆ ಬಂದದ್ದು ಜೀವಮಾನದಲ್ಲಿ ಅದೊಂದೇ ಸಲ. ಅವತ್ತು ಸಂಜೆ ಅಂಗಡಿಯ ಒಡೆಯ ಬೇರೆ ಮಾತಿಗಾಗಿ ಬಂದು ಯಜಮಾನನ ಕೋಣೆಯಲ್ಲಿ ಕೂತಿದ್ದ. ಇಬ್ಬರೂ ಇರುವಾಗಲೇ ಆಗಲಿ ಎಂದು ಬಾಗಿಲು ತಟ್ಟಿ ಒಳಗೆ ಹೋದ.

'ಸರ್, ಆ ಸಾಲು ಯಂತ್ರದ್ದಲ್ಲ. ನಾನು ಬರೆದದ್ದು. ಅದು ನಮ್ಮ ಅಕ್ಕ.'

ಯಜಮಾನ ಮೊದಲು ನಕ್ಕ, ಆಮೇಲೆ ಮುಖ ನೋಡಿ ನಗು ನಿಲ್ಲಿಸಿದ. ಯಾವತ್ತು ಬರೆದದ್ದು, ಏಕೆ ಬರೆದದ್ದು, ಅಳಿಸದೆ ಏಕೆ ಬಿಟ್ಟದ್ದು ಎಂದು ಒಂದೊಂದಾಗಿ ಕೇಳಿದ. ಹೊಟ್ಟುರಾಯ ಒಂದೊಂದಾಗಿ ಹೇಳಿದ. ಹೇಳುತ್ತ ಹೇಳುತ್ತ ಅವನ ಕಣ್ಣು ಅಂಗಡಿಯವನ ಕಡೆಗೇ ಇತ್ತು. ಕೈ ಹಿಡಿದು ಕುಲುಕಿದ್ದವನು, ಇವನಾದರೂ ಒಂದು ಒಳ್ಳೆಯ ಮಾತು ಆಡಿಯಾನು ಎನ್ನುವ ಆಸೆ. ಅಂಗಡಿಯವನ ಮುಖ ಮಾತ್ರ ಹುಳಿ ಹಿಂಡಿದಂತಾಗಿತ್ತು.

'ಅಂದ್ರೆ ಇದು ನಿಜವಾಗ್ಲೂ ಇದ್ದ ಹೆಂಗಸಾ?' ಎಂದ. 'ಇದ್ದಾರಾ, ತೀರ್ಕೊಂಡ್ರಾ?'

ತೀರಿಕೊಂಡಳು ಎಂದ ಹೊಟ್ಟುರಾಯ.

'ಅಯ್ಯೋ, ತೆಗೆದುಬಿಡಿ ಸ್ವಾಮಿ. ಯಾರ ಮನೆ ದುಃಖವೋ, ನನ್ನ ಅಂಗಡಿಗೆ ಯಾಕೆ? ಸುಮ್ನೆ ಹುಟ್ಟಿಸಿದ್ದು ಅಂದ್ಕೊಂಡಿದ್ದೆ, ಚೆನ್ನಾಗಿತ್ತು.'

ಅವನು ದುಷ್ಟನಲ್ಲ. ಹೊರಡುವಾಗ ಹೊಟ್ಟುರಾಯನ ಭುಜ ತಟ್ಟಿ, ಬೇಜಾರು ಮಾಡ್ಕೋಬೇಡಿ ಎಂದೇ ಹೋದ. ಯಜಮಾನ ಕೆಲಸದಿಂದಲೂ ತೆಗೆಯಲಿಲ್ಲ. ಹಳೆಯ ಸ್ನೇಹ ಎಂದು ಹೊಟ್ಟೆಗೆ ಹಾಕಿಕೊಳ್ಳುತ್ತೇನೆ, ಈ ವಿಷಯ ಈ ಕೋಣೆ ದಾಟಬಾರದು ಎಂದ. ಎರಡು ಕಡೆಯಿಂದಲೂ ಆ ಸಾಲುಗಳನ್ನು ತೆಗೆದು, ಅದೇ ಥರದ್ದನ್ನು ಯಂತ್ರದಿಂದ ಬರೆಸಿ ಹಾಕು ಎಂದ. ಯಜಮಾನ ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವ ಮಾತಿರಲಿ, ಈಗ ಇವನ ಬಾಯಿಗೇ ಬೀಗ ಬಿತ್ತು. ಹೊಟ್ಟುರಾಯ ತನ್ನ ಮೇಜಿಗೆ ಬಂದು ಯಂತ್ರಕ್ಕೆ ಹೇಳಿದ. ಅದು ಕಣ್ಣು ಮಿಟುಕಿಸುವುದರೊಳಗೆ ಒಬ್ಬ ತಾಯಿಯನ್ನು ಹುಟ್ಟಿಸಿಕೊಟ್ಟಿತು. ಆ ತಾಯಿ ನಗುನಗುತ್ತ ಹೊಲಿಯುತ್ತಿದ್ದಳು, ಪ್ರತಿಯೊಂದು ಹೊಲಿಗೆಯಲ್ಲೂ ಪ್ರೀತಿಯಿತ್ತು. ಚೆನ್ನಾಗಿಯೇ ಇತ್ತು. ಅಕ್ಕನನ್ನು ಅಳಿಸಿ ಅವಳನ್ನು ಕೂರಿಸಿದ. ಅಂಗಡಿಗೆ ಬರುವ ಹೆಂಗಸರು ವ್ಯತ್ಯಾಸ ಕಂಡಂತೆ ತೋರಲಿಲ್ಲ.

ಭಾನುವಾರ ಬೆಳಿಗ್ಗೆ ಅಕ್ಕನ ಮಗಳು ಮನೆಗೆ ಬಂದಳು. ಈ ಸಲ ಅಡುಗೆಮನೆಗೆ ಹೋಗದೆ ನೇರ ಅವನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತಳು. ಅವತ್ತು ಫೋನಿನಲ್ಲಿ ಒರಟಾಗಿ ಮಾತಾಡಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದಳು. ಆಮೇಲೆ ಯೋಚಿಸಿದೆ, ಮಾಮನಿಗೆ ಬಾಯಿ ಬರುವುದಿಲ್ಲ, ಯಂತ್ರದ ಹತ್ತಿರವಾದರೂ ಹೇಳಿಕೊಂಡನಲ್ಲ, ಅದರಿಂದ ಅಮ್ಮ ಮತ್ತೆ ಒಂದು ಸಲ ಕಣ್ಣ ಮುಂದೆ ಬಂದಳಲ್ಲ ಎಂದಳು. ಮತ್ತೊಮ್ಮೆ ಓದೋಣವೆಂದು ನಿನ್ನೆ ಹುಡುಕಿದರೆ ಅಲ್ಲಿ ಬೇರೆ ಯಾರೋ ಇದ್ದಾರೆ, ತೆಗೆಸಿದ್ದು ಏಕೆ ಎಂದು ಕೇಳಿದಳು. ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಬಹಳ ದಿನಗಳ ಮೇಲೆ ಅವಳು ಅವನನ್ನು ಅಕ್ಕರೆಯಿಂದ ನೋಡುತ್ತಿದ್ದಳು.

ಹೊಟ್ಟುರಾಯ ಹೇಳಿದ.

'ಯಂತ್ರಕ್ಕೆ ನಾನೇನೂ ಹೇಳಿಲ್ಲಮ್ಮಾ. ಅದನ್ನ ಬರೆದದ್ದು ನಾನು. ಒಂದೊಂದು ಸಾಲೂ ನಾನೇ.'

ಅವಳು ನಕ್ಕಳು. ಅಣಕಿಸುವ ನಗುವಲ್ಲ, ಮಕ್ಕಳನ್ನು ಕಂಡಾಗ ದೊಡ್ಡವರಿಗೆ ಬರುತ್ತದಲ್ಲ, ಅಂಥದ್ದು. ಕೈ ಚಾಚಿ ಅವನ ಮಂಡಿ ತಟ್ಟಿದಳು.

'ಈಗ ಎಲ್ಲರೂ ಹಾಗೇ ಹೇಳ್ತಾರೆ ಮಾಮ. ಅದರಲ್ಲಿ ನಾಚಿಕೆ ಏನಿಲ್ಲ. ನಿನಗೆ ಬರೆಯೋಕೆ ಬರೋ ಹಾಗಿದ್ರೆ ಅವತ್ತೇ ನಾಲ್ಕು ಮಾತು ಆಡ್ತಿದ್ದೆ.'

ನಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಯಾವ ದಿನ ಯಾರು ಏನು ಬರೆದರು ಎಂದು ದಾಖಲೆಯಿರುತ್ತದೆ, ತೋರಿಸುತ್ತೇನೆ ಬಾ ಎನ್ನಲು ಅವನು ಬಾಯಿ ತೆರೆದ. ಸತ್ತ ಅಕ್ಕನನ್ನು ಪ್ರೀತಿಸುತ್ತಿದ್ದೆ ಎನ್ನುವುದಕ್ಕೆ ಸಾಕ್ಷಿ ತೋರಿಸುತ್ತೇನೆ ಎಂದಂತಾಗುತ್ತದೆ ಅನ್ನಿಸಿ ಮುಚ್ಚಿಕೊಂಡ. ತೋರಿಸಿದರೂ ಅವಳು ನಂಬಿದಂತೆ ಮಾಡುತ್ತಿದ್ದಳೇ ಹೊರತು ನಂಬುತ್ತಿರಲಿಲ್ಲ.

ಒಳಗಿನಿಂದ ಹೆಂಡತಿ ಅವಳನ್ನು ಕರೆದಳು. ಎದ್ದವಳು ಬಾಗಿಲ ಹತ್ತಿರ ನಿಂತು ತಿರುಗಿದಳು. ಅಮ್ಮ ಅಂಗಳದಲ್ಲಿ ನಿಂತು ಹಳೆಯ ಬಟ್ಟೆ ಬಿಚ್ಚುತ್ತಿದ್ದದ್ದು, ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಇಟ್ಟುಕೊಳ್ಳುತ್ತಿದ್ದದ್ದು, ಅದನ್ನೆಲ್ಲ ನಾನು ಹೇಳುತ್ತೇನೆ, ಯಂತ್ರಕ್ಕೆ ಹೇಳಿ ಇನ್ನೊಂದು ಬರೆಸಿಕೊಡುತ್ತೀಯಾ ಎಂದು ಕೇಳಿದಳು. ನನಗೆ ಮಾತ್ರ, ಯಾವ ಅಂಗಡಿಗೂ ಅಲ್ಲ ಎಂದಳು.

'ಆಯ್ತು,' ಎಂದ ಹೊಟ್ಟುರಾಯ. 'ಬರೆಸಿಕೊಡ್ತೀನಿ.'